ಬಾಯಿಸಾಹೇಬರ ಉಪ್ಪುನೀರು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಆ ಮನೆಯ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹಾಲಿನ ಪ್ಯಾಕೆಟ್ಟು ಬಾಗಿಲ ಬುಡಕ್ಕೆ ಬಂದು ಬಿತ್ತು. ಕೆಳಗೆ ರಸ್ತೆಯಲ್ಲಿ ಶಾಲೆಯ ಆಟೋ ಹಾರ್ನ್ ಹೊಡೆಯಿತು. ಯಜಮಾನನ ಅಂತ್ಯಕ್ರಿಯೆಯಾದ ಮೇಲೆ ಆ ಮನೆ ಕಂಡ ಮೊದಲ ಸಾದಾ ಬೆಳಗು ಅದು. ನನ್ನ ಗಾಜಿನ ತೊಟ್ಟಿಯ ಮೇಲಿನ ದೀಪವನ್ನು ಅವನು ಹಾಕಲಿಲ್ಲ. ಅವನ ಹೆಂಡತಿ ಹಾಕಿದಳು.

ಕೈಯಲ್ಲಿ ಶ್ರೀಖಂಡದ ಹಳೆಯ ಡಬ್ಬಿ ಹಿಡಿದಿದ್ದಳು. ನಮ್ಮ ಊಟ ಅದರಲ್ಲಿರುತ್ತಿತ್ತು: ಮಂಜುಗಟ್ಟಿಸಿದ ಸಣ್ಣ ಸಿಗಡಿ. ಅವನು ಮಾಡುತ್ತಿದ್ದ ಹಾಗೆಯೇ ಒಂದು ಚೂರನ್ನು ಬೆರಳ ತುದಿಯಲ್ಲಿ ಹಿಡಿದು ನೀರಿಗೆ ಇಳಿಸಿದಳು. ನಾನು ಮೇಲೆ ಬಂದೆ. ಸಿಗಡಿಯನ್ನು ಬಿಟ್ಟು ಬೆರಳನ್ನು ಕಚ್ಚಿದೆ.

ಅವಳು ಕೈ ಎಳೆದುಕೊಂಡಳು. "ಹಸಿವಿಲ್ಲೇನು ನಿನಗ?" ಎಂದಳು.

"ಕಚ್ಚಿತೇನ?" ಎಂದು ಒಳಗಿನಿಂದ ಅವನ ಸೋದರತ್ತೆ, ಅತ್ಯಾ, ಕೇಳಿದರು.

"ಹೂಂ."

"ಸವತಿ ಕಚ್ಚದ ಮುದ್ದಾಡತಾಳೇನು?"

ಇದು ಆ ಮನೆಯ ಹಳೆಯ ತಮಾಷೆ. ನಗಬೇಕಾದವನು ಇಲ್ಲದ್ದು ಅತ್ಯಾಗೆ ಆಡಿದ ಮೇಲೆ ನೆನಪಾಗಿರಬೇಕು. ಸೌಟಿನ ಸದ್ದೂ ನಿಂತಿತು.

ನಾನು ಒಂದು ಕೋಡಂಗಿ ಮೀನು. ಕಿತ್ತಳೆ ಮೈ, ಮೂರು ಬಿಳಿ ಪಟ್ಟಿ, ಪಟ್ಟಿಯ ಅಂಚಿಗೆ ಕಪ್ಪು ಗೆರೆ. ಕಡಲಿನ ಮೀನು ಎಂದು ಜನ ನನ್ನನ್ನು ಕರೆಯುತ್ತಾರೆ. ನಾನು ಕಡಲನ್ನು ಕಂಡವಳಲ್ಲ. ಕರಾವಳಿಯ ಒಂದು ಮೀನುಮರಿ ಕೇಂದ್ರದಲ್ಲಿ, ಕವುಚಿಟ್ಟ ಒಡಕು ಹೂಕುಂಡದ ಮಗ್ಗುಲಿಗೆ ಅಂಟಿದ್ದ ಮೊಟ್ಟೆಯಿಂದ ಹುಟ್ಟಿದೆ. ಮೊಟ್ಟೆಗಳಿಗೆ ಹಗಲಿಡೀ ರೆಕ್ಕೆಯಿಂದ ಗಾಳಿ ಬೀಸಿದವನು ಅಪ್ಪ. ನಮ್ಮಲ್ಲಿ ಆ ಕೆಲಸ ಗಂಡಿನದು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಕುಲದಲ್ಲಿ ಹುಟ್ಟುವಾಗ ಯಾರೂ ಹೆಣ್ಣಲ್ಲ. ಕೂಡಿ ಬೆಳೆದವರಲ್ಲಿ ಯಾವುದು ಉಳಿದವರನ್ನೆಲ್ಲ ಕಚ್ಚಿ ಓಡಿಸಿ ದೊಡ್ಡದಾಗಿ ನಿಲ್ಲುತ್ತದೋ ಅದು ಹೆಣ್ಣಾಗುತ್ತದೆ. ಅದರ ಕೆಳಗಿನದು ಅದರ ಗಂಡ. ಮೇಲಿನವಳು ಸಡಿಲ ಬಿಟ್ಟರೆ ಕೆಳಗಿನವನು ಬೆಳೆದು ಅವಳ ಜಾಗಕ್ಕೆ ಬಂದು ಕೂರುತ್ತಾನೆ. ಹೀಗಾಗಿ ಹೊಟ್ಟೆಕಿಚ್ಚನ್ನು ಜನ ಬೈಯುವಾಗ ನನಗೆ ಆಶ್ಚರ್ಯವಾಗುತ್ತದೆ. ಅದು ಇಲ್ಲದಿದ್ದರೆ ನಾನು ನಾನಾಗುತ್ತಿರಲಿಲ್ಲ.

ಬೆರಳುದ್ದವಾಗುವ ಮೊದಲೇ ನನ್ನನ್ನು ನೀರು ತುಂಬಿದ ಚೀಲದಲ್ಲಿ ಕಟ್ಟಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ಹುಬ್ಬಳ್ಳಿಗೆ ಕಳಿಸಿದರು. ಹೋಗಿ ಸೇರಿದ್ದು ಮಕ್ಕಳ ಹಲ್ಲಿನ ಒಂದು ದವಾಖಾನೆಗೆ. ಡಾಕ್ಟರ್ ರುಬೀನಾ ಸವಣೂರ ಅದನ್ನು ನಡೆಸುತ್ತಿದ್ದರು. ಕಾಯುವ ಕೋಣೆಯ ಗೋಡೆಗೆ ದೊಡ್ಡ ಉಪ್ಪುನೀರಿನ ತೊಟ್ಟಿ ಇಟ್ಟಿದ್ದರು. ಅಳುವ ಕೂಸನ್ನು ಎತ್ತಿಕೊಂಡು ಬಂದು, "ಅಲ್ನೋಡು, ಕಿತ್ತಳಿ ಮೀನು ಹೆಂಗ ಬಾಯಿ ತಗದೈತಿ. ನೀನೂ ತಗಿ ನೋಡೂಣು," ಎನ್ನುತ್ತಿದ್ದರು. ಕೂಸು ಬಾಯಿ ತೆಗೆಯುತ್ತಿತ್ತು. ಹೀಗೆ ಬಾಯಿಗಳನ್ನು ನೋಡುತ್ತ ನಾನು ದೊಡ್ಡವಳಾದೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ನನಗಾಗಿ ಬಂದವರು ಯಾರೂ ಇರಲಿಲ್ಲ.

ನನಗಾಗಿ ಬಂದವನು ಶ್ರೀಪಾದ. ರೈಲ್ವೆಯಲ್ಲಿ ಇಂಜಿನಿಯರ್. ಹುಬ್ಬಳ್ಳಿಯಂಥ ಬಯಲುಸೀಮೆಯ ಊರಿನಲ್ಲಿ ಮನೆಯೊಳಗೆ ಕಡಲಿಟ್ಟುಕೊಳ್ಳುವ ಹುಚ್ಚಿನವರು ಕೆಲವರೇ. ಅವರು ಹೇಗೋ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ಅವನು ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನಿಂತ. ಡಾಕ್ಟರರೊಂದಿಗೆ ಏನೋ ಮಾತಾಡಿದ. ಕೂಸುಗಳ ಅಳುವಿನಲ್ಲಿ ಮಾತು ನನಗೆ ಕೇಳಿಸಲಿಲ್ಲ. ಅಂದು ಸಂಜೆಯೇ ನಾನು ಅವನ ತೊಡೆಯ ಮೇಲೆ ಚೀಲದಲ್ಲಿ ಕುಳಿತು ಆಟೋದಲ್ಲಿ ಹೋಗುತ್ತಿದ್ದೆ. ಇವನು ನನ್ನನ್ನು ಆರಿಸಿಕೊಂಡ ಎಂದುಕೊಂಡೆ. ಎರಡು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ನನ್ನ ಹೊಸ ಮನೆ ಸಿದ್ಧವಾದ ಕಥೆ ನನಗೆ ಬಾಯಿಪಾಠ. ಯಾರು ಬಂದರೂ ಅವನು ಅದನ್ನು ಹೇಳದೆ ಚಹಾ ಕುಡಿಯಗೊಡುತ್ತಿರಲಿಲ್ಲ. ಮೊದಲು ಗೋಡೆಯ ಬದಿಗೆ ಸಿಮೆಂಟಿನ ಕಟ್ಟೆ; ತುಸು ವಾರೆಯಾದರೂ ನೀರಿನ ಭಾರಕ್ಕೆ ಗಾಜು ಬಿರಿಯುತ್ತದೆ. ಅದರ ಮೇಲೆ ಎರಡಡಿಯ ತೊಟ್ಟಿ. ಬಿಳಿ ಮರಳು, ತೂತು ತೂತಾದ ಕಲ್ಲು. ನಳದ ನೀರು ನೇರ ಹಾಕುವಂತಿಲ್ಲ. ಅದನ್ನು ಯಂತ್ರದಲ್ಲಿ ಹನಿಹನಿಯಾಗಿ ಶುದ್ಧ ಮಾಡಿ, ಡಬ್ಬಿಯಲ್ಲಿ ಬರುವ ಕಡಲುಪ್ಪು ಬೆರೆಸಿ, ಬಕೆಟ್ಟಿನಲ್ಲಿ ಒಂದು ದಿನವಿಡೀ ಕಲಕಿ, ಉಪ್ಪಳೆಯುವ ಕೊಳವೆಯಿಂದ ನೋಡಿ ಹಾಕಬೇಕು. ತುಂಬಿದ ಮೇಲೂ ಮೀನು ಬಿಡಬಾರದು. ಕಲ್ಲಿನಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ಟಬೇಕು. ಮೀನಿನ ಹೊಲಸನ್ನು ತಿಂದು ಅರಗಿಸುವುದು ಅದೇ. ಅದು ಹುಟ್ಟುವ ತನಕ ವಾರಗಟ್ಟಲೆ ಕಾಯಬೇಕು.

ಕಥೆ ಇಲ್ಲಿಗೆ ಬಂದಾಗ ಅವನ ಹೆಂಡತಿ ಶಾಲ್ಮಲಾ ಚಹಾದ ತಟ್ಟೆ ಇಡುತ್ತ, "ಬರೀ ನೀರಿಗೆ ದೀಪಾ ಹಚ್ಚಿ ನೋಡಿಕೋತ ಕೂತಿದ್ರು. ಹೆಣ್ಣು ನೋಡಲಿಕ್ಕೆ ಬಂದಾಗ ನನ್ನೂ ಇಷ್ಟು ನೋಡಿರಲಿಲ್ಲ," ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು. ಅವನು ನಿಲ್ಲಿಸುತ್ತಿರಲಿಲ್ಲ. ಗಾಜಿನ ಮೇಲೆ ಕಂದು ಪಾಚಿ ಬಂತು, ಅದು ಹೋಗಿ ಹಸಿರು ಬಂತು, ಅದನ್ನು ತಿನ್ನಲು ಬಸವನಹುಳು ಬಂದವು. ಆಮೇಲೆ ಅಂಗಿಯ ಗುಂಡಿಯಂಥ ಮೆತ್ತನೆಯ ಹವಳ, ಎಳೆಎಳೆಯಾಗಿ ಅರಳುವ ಒಂದು ಜೀವ, ಕಡಲಹೂವು. ಆಮೇಲೆ ಒಂದು ಸಣ್ಣ ಕೋಡಂಗಿ ಮೀನು, ಅದರ ಹೆಸರು ಪುಟ್ಯಾ. ಎಲ್ಲಕ್ಕಿಂತ ಕೊನೆಗೆ ನಾನು.

ಕೊನೆಗೆ ಬಂದದ್ದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಅಲ್ಲಿದ್ದ ಕಲ್ಲಿಗೂ ಅವನ ಕೈ ನನಗಿಂತ ಮೊದಲು ತಾಗಿತ್ತು. ಬಂದ ವಾರದಲ್ಲಿ ಪುಟ್ಯಾನನ್ನು ಕಚ್ಚಿ ಮೂಲೆಗೆ ಒತ್ತಿದೆ. ಅವನು ಮೈ ನಡುಗಿಸಿ ಶರಣಾದ, ನನ್ನ ಗಂಡನಾದ. ಕಡಲಹೂವಿನ ಎಳೆಗಳ ನಡುವೆ ಅವನು ಮಲಗುತ್ತಿದ್ದನೆಂದು ಅದರ ಮೇಲೂ ಸಿಟ್ಟಿತ್ತು. ಅಲ್ಲಿ ನಾನೇ ಮಲಗತೊಡಗಿದೆ. ಆದರೆ ಗಾಜಿನ ಆಚೆಗಿದ್ದವಳನ್ನು ಕಚ್ಚಲು ಬರುತ್ತಿರಲಿಲ್ಲ.

ದೊಡ್ಡ ಮನೆತನದ ಯಜಮಾನಿಯನ್ನು ಕರೆಯುವ ಹಾಗೆ ಶ್ರೀಪಾದ ನನಗೆ ಬಾಯಿಸಾಹೇಬರು ಎಂದು ಹೆಸರಿಟ್ಟಿದ್ದ. ಬೆಳಿಗ್ಗೆ ದೀಪ ಹಾಕಿ, "ಎದ್ರೇನು ಬಾಯಿಸಾಹೇಬ್ರ?" ಎಂದು ಬೆರಳಲ್ಲಿ ಸಿಗಡಿ ಹಿಡಿದು ಕೊಡುತ್ತಿದ್ದ. ನಾನು ಆ ಬೆರಳಿಗೆ ಮೈ ತಿಕ್ಕಿ ತಿನ್ನುತ್ತಿದ್ದೆ. ಮಾಂಸ ಮುಟ್ಟದ ಆ ಮನೆಯಲ್ಲಿ ನನಗಾಗಿ ಅವನು ಫ್ರೀಜರಿನೊಳಗೆ ಸಿಗಡಿ ಇಟ್ಟಿದ್ದ, ಅದೂ ಶ್ರೀಖಂಡದ ಡಬ್ಬಿಯಲ್ಲಿ ಮುಚ್ಚಿ. ಅವನನ್ನು ಸಾಕಿ ಬೆಳೆಸಿದ ಸೋದರತ್ತೆ ಕೃಷ್ಣಾಬಾಯಿ, ಎಲ್ಲರ ಬಾಯಲ್ಲಿ ಬರೀ ಅತ್ಯಾ, ಒಮ್ಮೆ ಗದಗಿನಿಂದ ಬಂದಾಗ ಆ ಡಬ್ಬಿ ತೆರೆದಿದ್ದರು.

"ಇದೇನೋ ಶ್ರೀಪಾದಾ! ಕಣ್ಣು ಬಿಟಗೊಂಡು ನೋಡ್ಲಿಕ್ಕತ್ತದ ಶ್ರೀಖಂಡ!"

"ಬಾಯಿಸಾಹೇಬ್ರ ಊಟಾ ಅತ್ಯಾ. ಮುಟ್ಟಬ್ಯಾಡ, ಮೈಲಿಗಿ ಆಗ್ತದ ಅವರಿಗೆ."

"ನನ್ನ ಮೈಲಿಗಿ ಆಗ್ತದಂತ! ಶಾಲೂ, ಕೇಳಿದ್ಯಾ? ಸವತಿ ಬಂದು ನಿನ್ನ ಫ್ರಿಜ್ ಹಿಡದಾಳ."

ಶಾಲ್ಮಲಾ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಸಂಜೆ ಉತ್ತರಪತ್ರಿಕೆ ತಿದ್ದಲು ಕುಳಿತರೆ ತೊಟ್ಟಿಗೆ ಬೆನ್ನು ಮಾಡಿ ಕೂರುತ್ತಿದ್ದಳು. "ಶಾಲೂ, ಬಾ ಇಲ್ಲೆ, ಹವಳ ಹೆಂಗ ಅರಳೇದ ನೋಡು," ಎಂದು ಅವನು ಕರೆದರೆ, "ನಿಮ್ಮ ಬಾಯಿಸಾಹೇಬ್ರಿಗೆ ತೋರಸ್ರಿ," ಎನ್ನುತ್ತಿದ್ದಳು. ಒಮ್ಮೆ ಪೆನ್ನು ಕೆಳಗಿಟ್ಟು ಕೇಳಿದಳು: "ಮದಿವಿ ಆಗಿ ಇಷ್ಟು ವರ್ಷಾತು. ನನಗ ಒಂದಿನಾರೆ ಬಾಯಿಸಾಹೇಬ್ರ ಅಂದೀರೇನು?"

"ನೀ ಕಚ್ಚೂದಿಲ್ಲಲ್ಲ."

"ಕಚ್ಚಲೇನು?"

ಇಬ್ಬರೂ ನಕ್ಕರು. ಆ ನಗುವಿನೊಳಕ್ಕೆ ನನಗೆ ದಾರಿ ಇರಲಿಲ್ಲ. ನಾನು ಗಾಜಿಗೆ ಮೂತಿ ಬಡಿದೆ. ಅವರು ತಿರುಗಿ ನೋಡಲಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಒಂದು ಸಂಜೆ ಅವನು ಮನೆಗೆ ಬರಲಿಲ್ಲ. ಬಹಳ ಜನ ಬಂದರು. ಬೈಪಾಸು, ಲಾರಿ, ಸ್ಕೂಟರು ಎಂಬ ಮಾತುಗಳು ಕೇಳಿದವು. ಆ ಮೇಲಿನ ದಿನಗಳಲ್ಲಿ ಯಾರೋ ಹೋಗುತ್ತ ಬರುತ್ತ ಒಂದು ಚಿಟಿಕೆ ಒಣ ಕಾಳು ಉದುರಿಸುತ್ತಿದ್ದರು. ಶಾಲ್ಮಲಾಳ ಅಳು ನನಗೆ ಕೇಳಿಸಲಿಲ್ಲ. ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲವೆಂದು ಆಮೇಲೆ ಅತ್ಯಾ ಫೋನಿನಲ್ಲಿ ಹೇಳುತ್ತಿದ್ದರು. ನೆಂಟರು ಹೋದರು, ಅತ್ಯಾ ಉಳಿದರು. ಆಗ ಬಂದದ್ದೇ ನಾನು ಮೊದಲು ಹೇಳಿದ ಆ ಬೆಳಗು.

ಅಂದಿನಿಂದ ದಿನವೂ ಅವಳು ಬೆರಳು ಇಳಿಸುವುದು, ನಾನು ಕಚ್ಚುವುದು ನಡೆಯಿತು. ಆ ಬೆರಳು ಅವನದಲ್ಲ. ಅಲ್ಲದೆ, ಅವನಿಗಾಗಿ ಕಾಯುವ ಹಕ್ಕು ನನ್ನೊಬ್ಬಳದು ಎಂದು ನಾನು ತೀರ್ಮಾನಿಸಿದ್ದೆ. ಸಂಜೆ ಸ್ಕೂಟರಿನ ಸದ್ದಾದರೆ ಬಾಗಿಲ ಕಡೆಯ ಗಾಜಿಗೆ ಹೋಗಿ ನಿಲ್ಲುತ್ತಿದ್ದೆ. ಅವಳೂ ಅದೇ ಹೊತ್ತಿಗೆ ತಲೆ ಎತ್ತುತ್ತಿದ್ದಳು. ಅದು ನನಗೆ ಹಿಡಿಸುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ನಳಕ್ಕೆ ನೀರು ದಿನಾ ಬರುವುದಿಲ್ಲ. ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಸಿಟ್ಟುಕೊಳ್ಳಬೇಕು. ಸಾವಾದ ಮನೆಯಲ್ಲಿ ಕೂಡಿಟ್ಟ ನೀರನ್ನು ಇಡಬಾರದೆಂದು ಅತ್ಯಾ ಅಷ್ಟನ್ನೂ ಆಗಲೇ ಚೆಲ್ಲಿಸಿದ್ದರು. ಒಂದನ್ನು ಮರೆತಿದ್ದರು. ಶಾಲ್ಮಲಾ ಕಾಲೇಜಿನ ಪ್ರಿನ್ಸಿಪಾಲರನ್ನು ಕಂಡು ಬರಲು ಹೋಗಿದ್ದ ದಿನ, ಅದೂ ನಳ ಬಂದ ದಿನ, ಅವರು ನನ್ನ ಗಾಜಿನ ಮುಂದೆ ಬಂದು ನಿಂತರು. ಅವರ ಕಣ್ಣು ತುಂಬಿತು.

"ಅಯ್ಯ, ಇದೊಂದು ಉಳದದಲ್ಲ," ಎಂದರು. "ಸೂತಕದ ನೀರು ಇಷ್ಟು ದಿನ ಮನ್ಯಾಗ. ಅವಗ ಹೆಂಗ ಗತಿ ಆದೀತು?"

ಸೆರಗು ಸಿಕ್ಕಿಸಿ, ತಂಬಿಗೆಯಿಂದ ನೀರು ಎತ್ತಿ ಎತ್ತಿ ಬಕೆಟ್ಟಿಗೆ ಹಾಕಿ, ಬಚ್ಚಲಿಗೆ ಸುರಿದರು. ಮೊಣಕಾಲು ನೋಯುತ್ತಿದ್ದವರು ನರಳಿಕೊಂಡೇ ಸುರಿದರು. ನಮ್ಮ ಬೆನ್ನ ಮೇಲೆ ಎರಡು ಬೆರಳು ನೀರಷ್ಟೇ ಉಳಿಯಿತು. ಆಮೇಲೆ ಹೊಸ ನೀರು ಹಾಕಿದರು. ನೆಟ್ಟಗೆ ನಳದ್ದು. ಅವರೇನು ತಿಳಿಯದವರಲ್ಲ. "ಸಮುದ್ರದ ಮೀನು, ಉಪ್ಪು ಬೇಕಲ್ಲ ನಿಮಗ," ಎಂದು ಅಡುಗೆಮನೆಯಿಂದ ಎರಡು ಬೊಗಸೆ ಹರಳುಪ್ಪು ತಂದು ಹಾಕಿ, ಬೆರಳು ಅದ್ದಿ ನಾಲಿಗೆಗೆ ಹಚ್ಚಿ, ಸಾರಿನ ಹದ ನೋಡುವಂತೆ ತಲೆ ಆಡಿಸಿದರು. ಮೇಲೊಂದು ತುಳಸಿದಳ ತೇಲಿಬಿಟ್ಟರು.

ಆ ನೀರು ನನ್ನ ಕಿವಿರಿಗೆ ಹೊಗೆಯಂತೆ ಹೊಕ್ಕಿತು. ಗುಂಡಿ ಹವಳಗಳು ಮುಚ್ಚಿಕೊಂಡವು. ಕಡಲಹೂವು ಸುಕ್ಕಿ ಒಣದ್ರಾಕ್ಷಿಯಾಯಿತು. ಪುಟ್ಯಾ ಮರಳಿಗೆ ಒರಗಿದ. ಶಾಲ್ಮಲಾ ಬಂದಾಗ ನಾನು ವಾರೆಯಾಗಿ ತೇಲುತ್ತಿದ್ದೆ.

ಅವಳು ಕೂಗಾಡಲಿಲ್ಲ. ತುಳಸಿಯನ್ನು ನೋಡಿದಳು, ಖಾಲಿ ಉಪ್ಪಿನ ಡಬ್ಬಿಯನ್ನು ನೋಡಿದಳು, ಅತ್ಯಾನ ಒದ್ದೆ ಸೀರೆಯನ್ನು ನೋಡಿದಳು. "ನೀವು ಅವರಿಗಾಗೇ ಮಾಡೀರಿ ಅತ್ಯಾ," ಎಂದಳು. ಆಮೇಲೆ ಶ್ರೀಪಾದನ ಫೋನು ತೆಗೆದು, ಮೀನಿನ ವಿಷಯ ಬಲ್ಲ ಡಾಕ್ಟರರನ್ನು ಕರೆದಳು.

ರುಬೀನಾ ಕಾರಿನಲ್ಲಿ ಕ್ಯಾನುಗಟ್ಟಲೆ ಉಪ್ಪುನೀರು ತಂದರು. ತೋಳೇರಿಸಿ ಸತ್ತ ಕಡಲಹೂವನ್ನು ಎತ್ತಿ ಹೊರಗೆ ಹಾಕಿದರು. "ಇದನ್ನ ಬಿಟ್ರ ಕೊಳತು ಎಲ್ಲಾರ್ನೂ ಕೊಲ್ತೈತಿ."

"ನಾ ಉಪ್ಪು ಹಾಕಿದ್ದೆ ಡಾಕ್ಟರ," ಎಂದು ಅತ್ಯಾ ಮೂಲೆಯಿಂದ ಹೇಳಿದರು. "ಎರಡು ಬೊಗಸಿ."

"ಅಜ್ಜೀ, ಅದು ಉಪ್ಪಿನಕಾಯಿಗೆ ಸಾಕಾಗ್ತೈತ್ರಿ. ಸಮುದ್ರಕ್ಕ ಸಾಲೂದಿಲ್ಲ."

ಹಳೆಯ ನೀರಿನ ಮೈ ಸ್ವಲ್ಪ ಸ್ವಲ್ಪವಾಗಿ ಮರಳಿತು. ಪುಟ್ಯಾ ಎದ್ದ. ನಾನು ನೆಟ್ಟಗಾದೆ. ರುಬೀನಾ ಗಾಜಿಗೆ ಬೆರಳು ತಾಗಿಸಿದರು. ನನಗೆ ಹಳೆಯ ಗುರುತು, ಅತ್ತ ಹೋಗಿ ಕುಣಿದೆ. ಶಾಲ್ಮಲಾ ಅದನ್ನು ನೋಡಿದಳು.

"ವೈನಿ, ಈ ದೊಡ್ಡಾಕಿನ್ನ ನಾ ಒಯ್ಲೇನ್ರಿ?" ಎಂದರು ರುಬೀನಾ. "ಇಂಥಾದ್ರಾಗ ನಿಮಗ್ಯಾಕ ಭಾರ. ಹೆಂಗೂ ನಂದ ಐತಿ ಇದು."

"ನಿಮ್ಮದು?"

"ಅವರು ಹೇಳಿಲ್ಲೇನ್ರಿ? ಹಳ್ಯಾಗ ಆಡು ಪಾಲಿಗೆ ಕೊಡ್ತಾರಲ್ರಿ, ಹಂಗ ಕೊಟ್ಟಿದ್ದೆ. ಅವರ ಸಣ್ಣ ಮೀನಿಗೆ ಜೋಡಿ ಬೇಕಾಗಿತ್ತು. ಮೊಟ್ಟಿ ಇಟ್ಟ ಕೂಡ್ಲೆ ದೊಡ್ಡಾಕಿ ನನಗ ವಾಪಸ್, ಮರಿ ಉಳದ್ರ ಇಬ್ಬರಿಗೂ ಅರ್ಧರ್ಧಾ. ಎರಡು ವರ್ಷಾತು, ಒಂದು ಮೊಟ್ಟಿ ಇಟ್ಟಿಲ್ಲ ಇದು. ವಾರಾ ವಾರಾ ಫೋನ್ ಮಾಡಿ ಕಾಡಸ್ತಿದ್ದೆ ಅವರಿಗೆ."

"ವಾರಾ ವಾರಾ," ಎಂದಳು ಶಾಲ್ಮಲಾ.

"ಬರೇ ಈ ನೀರಿನ ಮಾತ್ರಿ ವೈನಿ. ಉಪ್ಪು ಹೆಚ್ಚಾತು, ಕಮ್ಮಿ ಆತು. ಬ್ಯಾರೆ ಮಾತ ಇರಲಿಲ್ಲ."

ನಾನು ಕುಣಿಯುವುದನ್ನು ನಿಲ್ಲಿಸಿದೆ. ಅವನು ನನ್ನನ್ನು ಆರಿಸಿಕೊಂಡಿರಲಿಲ್ಲ. ನಾನು ಪುಟ್ಯಾನ ಸಲುವಾಗಿ ತಂದ ಪಾಲಿನ ಆಡು. ಬಾಯಿಸಾಹೇಬ್ರ ಎಂದು ಕರೆದ ಪ್ರತಿ ಬೆಳಿಗ್ಗೆಯೂ ಅವನಿಗೆ ಅದು ಗೊತ್ತಿತ್ತು. ಶಾಲ್ಮಲಾಳ ಮುಖವೂ ಆಗ ನನ್ನ ಹಾಗೆಯೇ ಇತ್ತು. ಗಂಡನ ವಾರವಾರದ ಒಂದು ಮಾತು ಬೇರೆಯವರ ಹತ್ತಿರವಿದ್ದದ್ದು ಅವಳಿಗೆ ಅಂದೇ ತಿಳಿದದ್ದು.

"ಈಗ ಬ್ಯಾಡ್ರಿ ಡಾಕ್ಟರ್," ಎಂದಳು, ಬಹಳ ಮೆತ್ತಗೆ. "ಮೊಟ್ಟಿ ಇಟ್ಟ ಮ್ಯಾಲೆ ಅಂತ ಅಲ್ಲೇನು ಮಾತು? ಇನ್ನೂ ಇಟ್ಟಿಲ್ಲಲ್ಲ. ಅಲ್ಲಿತನಕ ನಮ್ಮಲ್ಲೇ ಇರಲಿ."

ಹೀಗೆ ನನಗೂ ಅವಳಿಗೂ ಒಂದು ಒಪ್ಪಂದವಾಯಿತು. ಬಾಯಿಬಿಟ್ಟು ಆಡಿದ ಒಪ್ಪಂದವಲ್ಲ. ನಾನು ಮೊಟ್ಟೆ ಇಡದಿರುವಷ್ಟು ಕಾಲ ಅವನ ನೀರಿನಲ್ಲಿ ಇರಬಹುದು. ನಾನಿರುವಷ್ಟು ಕಾಲ, ಅವನು ದಿನಾ ಕೈ ಇಳಿಸುತ್ತಿದ್ದ ಜಾಗದಲ್ಲಿ ಕೈ ಇಳಿಸಲು ಅವಳಿಗೊಂದು ಕಾರಣವಿರುತ್ತದೆ.

ಅವಳು ನೀರಿನ ಕೆಲಸ ಕಲಿತಳು. ರುಬೀನಾ ಫೋನಿನಲ್ಲಿ ಹೇಳಿಕೊಡುತ್ತಿದ್ದರು. ಯಂತ್ರದಿಂದ ಹನಿ ನೀರು ಹಿಡಿಯುವುದು, ಉಪ್ಪು ಕಲಕುವುದು, ಉಪ್ಪಳೆಯುವ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು. ಮೊದಲೆರಡು ಸಲ ಉಪ್ಪು ಹೆಚ್ಚಾಯಿತು. ಅತ್ಯಾ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ನಾಲಿಗಿ ಮ್ಯಾಲೆ ಹಾಕಿ ನೋಡವಾ," ಎನ್ನುತ್ತಿದ್ದರು. ತೊಟ್ಟಿಯ ಹತ್ತಿರ ಮಾತ್ರ ಬರುತ್ತಿರಲಿಲ್ಲ. ಶಾಲ್ಮಲಾಳ ಕುರ್ಚಿ ತಿರುಗಿತು. ಈಗ ಉತ್ತರಪತ್ರಿಕೆ ತಿದ್ದುವಾಗ ಅವಳ ಮುಖ ನನ್ನ ಕಡೆಗಿರುತ್ತಿತ್ತು. ನಾನು ಕಚ್ಚುತ್ತಲೇ ಇದ್ದೆ. ಆದರೆ ಕಚ್ಚಿದ ಮೇಲೆ ಸಿಗಡಿಯನ್ನೂ ತಿನ್ನುತ್ತಿದ್ದೆ.

ಹೊಟ್ಟೆ ನನ್ನ ಮಾತು ಕೇಳಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಮೈ ಭಾರವಾಯಿತು. ಶ್ರೀಪಾದ ಮೂಲೆಯಲ್ಲಿ ಒಂದು ಹೆಂಚಿನ ತುಂಡು ಒರಗಿಸಿಟ್ಟಿದ್ದ. ಪುಟ್ಯಾ ಅದನ್ನು ಬಾಯಿಂದ ಉಜ್ಜಿ ಉಜ್ಜಿ ತೊಳೆಯತೊಡಗಿದ. ನಾನು ಅವನನ್ನು ಕಚ್ಚಿ ಓಡಿಸಿದೆ. ಅವನು ಮತ್ತೆ ಬಂದು ಉಜ್ಜಿದ. ನಾಲ್ಕು ದಿನ ತಡೆದೆ. ಒಂದು ಮಧ್ಯಾಹ್ನ ತಡೆಯಲಾಗದೆ ಹೆಂಚಿನ ಮೇಲೆ ಸಾಲುಸಾಲಾಗಿ ಇಟ್ಟುಬಿಟ್ಟೆ. ಕುಂಕುಮದ ಹರಳಿನಂಥ ಕಿತ್ತಳೆ ಮೊಟ್ಟೆಗಳು.

ಮೊದಲು ಕಂಡವರು ಅತ್ಯಾ. ಆ ಒಂದು ದಿನ ಕುರ್ಚಿ ಬಿಟ್ಟು ಹತ್ತಿರ ಬಂದರು. "ಶಾಲೂ! ಬಾರ ಇಲ್ಲೆ! ಬಾಳಂತಿ ಆಗ್ಯಾಳ ನಿನ್ನ ಸವತಿ!"

ಶಾಲ್ಮಲಾ ಬಂದು ನೋಡಿದಳು. ಕೈಯಲ್ಲಿದ್ದ ಸೌಟಿನಿಂದ ನೆಲದ ಮೇಲೆ ಸಾರು ತೊಟ್ಟಿಕ್ಕುತ್ತಿತ್ತು.

"ಇದನ್ನ ನೋಡಲಿಕ್ಕೆ ಎರಡು ವರ್ಷ ಕಾದ್ರು," ಎಂದಳು.

"ಇದ್ದಿದ್ರ ಓಣಿಗೆಲ್ಲಾ ಪೇಢೆ ಹಂಚತಿದ್ದ." ಅತ್ಯಾ ಮೂಗು ಒರೆಸಿಕೊಂಡರು. "ಡಾಕ್ಟರಗ ಹೇಳ್ತೀಯಿಲ್ಲೋ?"

ಶಾಲ್ಮಲಾ ನೆಲ ಒರೆಸಲು ಬಟ್ಟೆ ತರಲು ಹೋದಳು.

ಮರುದಿನ ರುಬೀನಾ ಫೋನ್ ಮಾಡಿದರು. "ಹೂಂ, ಛಲೋ ಅದಾರ," ಎಂದಳು ಶಾಲ್ಮಲಾ. ಅದರ ಮರುದಿನ, "ಏನೂ ವಿಶೇಷ ಇಲ್ರಿ," ಎಂದಳು. ಅವಳು ನನಗಾಗಿ ಸುಳ್ಳು ಹೇಳುತ್ತಿದ್ದಾಳೆಂದು ನಾನು ಉಬ್ಬಿದೆ. ಮೊದಲ ಸಲ ಅವಳ ಬೆರಳನ್ನು ಕಚ್ಚದೆ ಬಿಟ್ಟೆ. ಅವಳಿಗೆ ಅದು ಗೊತ್ತಾಗಲಿಲ್ಲ. ಅವಳು ಪುಟ್ಯಾನನ್ನು ನೋಡುತ್ತಿದ್ದಳು.

ಪುಟ್ಯಾ ಹೆಂಚು ಬಿಟ್ಟು ಕದಲುತ್ತಿರಲಿಲ್ಲ. ಊಟಕ್ಕೂ ಬರುತ್ತಿರಲಿಲ್ಲ. ಹಗಲಿಡೀ ರೆಕ್ಕೆ ಬೀಸುತ್ತಿದ್ದ. ಕೆಟ್ಟ ಮೊಟ್ಟೆಯನ್ನು ಹೆಕ್ಕಿ ತೆಗೆಯುತ್ತಿದ್ದ. ಮೊಟ್ಟೆಗಳು ಕಂದಾದವು, ಬೆಳ್ಳಿ ಕಣ್ಣು ಮೂಡಿದವು. ಶಾಲ್ಮಲಾ ಕಾಲೇಜಿಗೆ ಹೋಗುವ ಮುನ್ನ, ಬಂದ ಮೇಲೆ, ಚಪ್ಪಲಿಯನ್ನೂ ಬಿಡದೆ ಅವನ ಮುಂದೆ ನಿಲ್ಲುತ್ತಿದ್ದಳು. ಸಿಗಡಿಯನ್ನು ಅವನಿದ್ದಲ್ಲಿಗೇ ಒಯ್ದು ಕೊಡುತ್ತಿದ್ದಳು. ನಾನು ನಡುವೆ ಹೋಗಿ ಕಸಿದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ದೀಪ ಹಾಕಿದಾಗ ಹೆಂಚು ಬರಿದಾಗಿತ್ತು. ಮರಿಗಳು ಕತ್ತಲಲ್ಲೇ ಒಡೆದು ಹೊರಟಿದ್ದವು. ಅವನ್ನು ಹಿಡಿದು ಬೇರೆ ನೀರಿಗೆ ಹಾಕುವವರಿಲ್ಲದೆ, ತೊಟ್ಟಿಯ ನೀರು ತಿರುಗಿಸುವ ಪಂಪಿನ ಬಾಯಿಗೆ ಹೋಗಿದ್ದವು. ಒಂದೂ ಉಳಿದಿರಲಿಲ್ಲ. ಇಂಥದಕ್ಕೆ ನಾವು ದುಃಖಪಡುವ ಜಾತಿಯಲ್ಲ, ಮತ್ತೆ ಇಡುತ್ತೇವೆ.

ಪುಟ್ಯಾ ಮಾತ್ರ ಆ ಖಾಲಿ ಹೆಂಚಿನ ಮುಂದೆ ನಿಂತು ರೆಕ್ಕೆ ಬೀಸುತ್ತಿದ್ದ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಒಂದು ಸಾಲನ್ನೂ ಬಿಡದ ಹಾಗೆ.

ಶಾಲ್ಮಲಾ ಕುರ್ಚಿ ಎಳೆದುಕೊಂಡು ಕುಳಿತಳು. ಬಹಳ ಹೊತ್ತು ನೋಡಿದಳು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಲೇ ಇತ್ತು. ಅವಳ ಹೆಗಲು ಅಲುಗಾಡುತ್ತಿದ್ದದ್ದನ್ನು ನಾನು ಮೊದಲು ನಗುವೆಂದುಕೊಂಡೆ.

"ಸಾಕ ಬಿಡಪಾ," ಎಂದಳು ಪುಟ್ಯಾನಿಗೆ. "ಹೋದೂವು ಅವು. ಸಾಕು."

ಅತ್ಯಾ ಬಾಗಿಲಲ್ಲಿ ಬಂದು ನಿಂತರು. ಒಳಗೆ ಹೋಗಿ ಒಲೆ ಆರಿಸಿದರು. ನನ್ನ ಉರಿಗೆ ಅಳತೆ ಇರಲಿಲ್ಲ. ಶ್ರೀಪಾದನಿಗಾಗಿ ಅವಳು ಹಿಡಿದಿಟ್ಟಿದ್ದ ಅಷ್ಟನ್ನೂ ಬೊಗಸೆ ಎತ್ತಿ ಸುರಿದದ್ದು ಆ ಸಣ್ಣ ಮೀನಿನ ಮುಂದೆ. ನಾನು ಗಾಜಿಗೆ ಬಂದು ಕುಣಿದೆ, ಸುತ್ತು ಹಾಕಿದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು.

"ನಿಂದು ಮೊಟ್ಟಿ ಆತು," ಎಂದಳು. "ನಿನ್ನ ಇಟಗೊಳ್ಳಲಿಕ್ಕೆ ನನಗಿನ್ನ ಯಾವ ಮಾತೂ ಉಳೀಲಿಲ್ಲ."

ಆ ಭಾನುವಾರ ಚೀಲ ತಂದಳು. ನಾನು ಕಲ್ಲಿನ ಸಂದಿ ಹೊಕ್ಕೆ. ಅವಳು ಬರಿಗೈ ಹಾಕಿದಳು. ಇದ್ದಬದ್ದ ಬಲವೆಲ್ಲ ಸೇರಿಸಿ ಕಚ್ಚಿದೆ. ಅವಳು ಕೈ ಎಳೆದುಕೊಳ್ಳಲಿಲ್ಲ. ಹಾಗೆಯೇ ಮುಷ್ಟಿಯಲ್ಲಿ ಹಿಡಿದು ಚೀಲಕ್ಕೆ ಬಿಟ್ಟಳು. ಅತ್ಯಾ ಚೀಲದ ಹತ್ತಿರ ಬಗ್ಗಿ, "ಹೋಗಿ ಬಾ ನಮ್ಮವ್ವಾ. ನಾ ತಿಳೀದ ಮಾಡಿದ್ದೆ, ಮನಸಿನ್ಯಾಗ ಇಟಗೋಬ್ಯಾಡ," ಎಂದರು. ಆಟೋದಲ್ಲಿ ಶಾಲ್ಮಲಾಳ ತೊಡೆಯ ಮೇಲೆ ಕುಳಿತೆ. ರಸ್ತೆಯ ಗುಂಡಿ ಬಂದಾಗಲೆಲ್ಲ ಅವಳು ಚೀಲವನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದಳು.

ದವಾಖಾನೆಗೆ ರಜೆ. ರುಬೀನಾ ಬಾಗಿಲು ತೆರೆದು, ಚೀಲ ನೋಡಿ, ಅವಳ ಮುಖ ನೋಡಿದರು.

"ಮೊಟ್ಟಿ ಇಟ್ಟಿತ್ತು," ಎಂದಳು ಶಾಲ್ಮಲಾ. "ನಾ ನಿಮಗ ಹೇಳಲಿಲ್ಲ. ಮರಿ ಉಳೀಲಿಲ್ಲ, ಅರ್ಧಾ ಕೊಡಲಿಕ್ಕೆ ಏನೂ ಇಲ್ಲ. ಇದನ್ನ ತಗೋರಿ."

"ವೈನಿ, ಅಲ್ಲೇ ಇರಲೇಳ್ರಿ. ಅವತ್ತ ನಾ ಕೇಳಿದ್ದ ತಪ್ಪಾತು."

"ಇಲ್ರಿ. ಸಂಜೀಕೆ ಸ್ಕೂಟರ್ ಸಪ್ಪಳಾದ್ರ ಇದು ಬಾಗಲಾ ನೋಡ್ತದ. ನಾನೂ ನೋಡ್ತೀನಿ. ನಾವಿಬ್ಬರೂ ಒಂದ ಮನ್ಯಾಗ ಇದ್ರ ಈ ನೋಡೂದು ನಿಲ್ಲೂದಿಲ್ಲ."

ನಾವಿಬ್ಬರೂ ಎಂದಳು. ಎರಡು ವರ್ಷ ಆ ಮನೆಯಲ್ಲಿ ನಾನು ಕೇಳಲು ಕಾದಿದ್ದ ಮಾತು ಅದು. ಆದರೆ ಕಾದದ್ದು ಅವನ ಬಾಯಿಂದ.

ಕಾಯುವ ಕೋಣೆಯ ದೊಡ್ಡ ತೊಟ್ಟಿಯಲ್ಲಿ ನನ್ನ ಜಾಗದಲ್ಲಿ ಬೇರೊಬ್ಬಳು ಬೆಳೆದು ನಿಂತಿದ್ದಳು. ನನ್ನನ್ನು ಕಂಡೊಡನೆ ರೆಕ್ಕೆ ಸೆಟೆಸಿದಳು. "ಇಲ್ಲೆ ಬಿಟ್ರ ಕೊಲ್ತಾಳ," ಎಂದು ರುಬೀನಾ ನನಗೆ ಒಳಗೆ, ಮಕ್ಕಳು ಬಾಯಿ ತೆಗೆದು ಒರಗುವ ಕುರ್ಚಿಯ ಪಕ್ಕದ ಮೂಲೆಯಲ್ಲಿ, ಒಂದು ಸಣ್ಣ ತೊಟ್ಟಿಯನ್ನು ತೋರಿಸಿದರು. ಶಾಲ್ಮಲಾ ಚೀಲವನ್ನು ಅದರ ನೀರಿನ ಮೇಲೆ ತೇಲಿಬಿಟ್ಟು, ನೀರಿಗೆ ನೀರು ಹೊಂದುವ ತನಕ ಪಕ್ಕದಲ್ಲಿ ನಿಂತಳು.

"ಮನ್ಯಾಗ ಪುಟ್ಯಾ ಒಬ್ಬನ ಆದ," ಎಂದಳು.

"ಬೆಳೀತಾನ ಬಿಡ್ರಿ. ದೊಡ್ಡಾಕಿ ಹೋದ್ಲಂದ್ರ ಅಂವನ ದೊಡ್ಡಾಕಿ ಆಗ್ತಾನ."

"ಒಬ್ಬನ ಇದ್ರೂ?"

"ಒಬ್ಬನ ಇದ್ರೂ ಆಗ್ತಾನ್ರಿ. ನಿಧಾನಕ್ಕ."

ಶಾಲ್ಮಲಾ ಚೀಲದ ಗಂಟು ಬಿಚ್ಚಿದಳು. ಕೈಯನ್ನು ಮೊಣಕೈವರೆಗೆ ಇಳಿಸಿ ಚೀಲದ ಬಾಯಿ ವಾಲಿಸಿದಳು. ನಾನು ಹೊರಗೆ ಬಂದೆ. ಅವಳ ಬೆರಳಿನ ಮೇಲೆ ನಾನು ಕಚ್ಚಿದ ಕಡೆ ಕೆಂಪಗೆ ಒಂದು ಗೆರೆಯಿತ್ತು. ಆ ಬೆರಳಿಗೆ ಮೈ ತಿಕ್ಕಿದೆ. ಅವಳು ಅಲುಗಾಡದೆ ಇದ್ದಳು. ಆಮೇಲೆ ನಿಧಾನವಾಗಿ ಕೈ ತೆಗೆದು, ಸೆರಗಿನಿಂದ ಒರೆಸಿಕೊಂಡು, ಖಾಲಿ ಚೀಲವನ್ನು ಮಡಚಿ ಡಾಕ್ಟರರ ಮೇಜಿನ ಮೇಲಿಟ್ಟಳು.

"ಡಾಕ್ಟರ್, ಆ ಉಪ್ಪಿನ ಡಬ್ಬಿ ತಳಾ ಕಂಡದ. ಎಲ್ಲಿಂದ ತರಸ್ತೀರಿ ನೀವು?" ಎಂದು ಕೇಳಿದಳು.

ರುಬೀನಾ ಹೇಳತೊಡಗಿದರು. ಅವಳು ತಲೆದೂಗುತ್ತ ಕೇಳುತ್ತಿದ್ದಳು. ನಾನು ಗಾಜಿನ ಹತ್ತಿರ ಬಂದು ನಿಂತೆ. ನಾಳೆ ಬೆಳಿಗ್ಗೆ ಆ ಕೈ ಪುಟ್ಯಾನ ನೀರಿಗೆ ಇಳಿಯುತ್ತದೆ ಎಂದು ನೆನೆದು ನನ್ನ ಹೊಟ್ಟೆ ಉರಿಯಿತು.